ಹೆಗಲಿನ ಅಳತೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಸಿಮೆಂಟು ತಂದು ನೋಡು’ ಎನ್ನಲಿಲ್ಲ. ಅದಕ್ಕೆ ಕಾರಣವುಂಟು, ಅವರ ಕಾಲಕ್ಕೆ ಸಿಮೆಂಟೇ ಇರಲಿಲ್ಲ. ಸುಣ್ಣವನ್ನು ನೀರಿನಲ್ಲಿ ಕೊಳೆಹಾಕಿ, ಗಾಣದಲ್ಲಿ ಅರೆದು, ಗಾರೆ ಮಾಡಿ ಅವರು ಮನೆ ಕಟ್ಟಿದರು. ಇಂಗ್ಲೆಂಡಿನ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸದವನು ಪೋರ್ಟ್‌ಲಂಡ್ ಸಿಮೆಂಟಿಗೆ ಸನ್ನದು ಪಡೆದದ್ದು 1824 ರಲ್ಲಿ. ನಮ್ಮ ಪೋರಬಂದರದ ಕಾರಖಾನೆಯಿಂದ ಸಿಮೆಂಟು ಹೊರಬಿದ್ದದ್ದು 1914 ರಲ್ಲಿ. ಆದುದರಿಂದ ಗಾದೆಗೆ ಮೂರನೆಯ ತುಂಡನ್ನು ಸೇರಿಸುವ ಕೆಲಸ ನನ್ನಂಥವರ ಪಾಲಿಗೆ ಉಳಿದಿತ್ತು. ಸೇರಿಸಿದ್ದೇನೆ. ಅದಕ್ಕೆ ತೆತ್ತ ಬೆಲೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ವಾಚಕರಲ್ಲಿ ಮನೆ ಕಟ್ಟಿಸುವವರು ಯಾರಾದರೂ ಇದ್ದರೆ ಅಷ್ಟರಮಟ್ಟಿಗೆ ಅವರದು ಉಳಿಯಲಿ.

ನನ್ನ ಕಚೇರಿ ಇರುವುದು ನಾಶಿಕದಲ್ಲಿ. ಮನೆ ಕಟ್ಟಲು ಹೊರಟದ್ದು ಛತ್ರಪತಿ ಸಂಭಾಜಿನಗರದಲ್ಲಿ. 2023 ರವರೆಗೆ ಔರಂಗಾಬಾದ್ ಎಂದು ಕರೆಸಿಕೊಳ್ಳುತ್ತಿದ್ದ ಊರು ಅದು. ನಡುವೆ ನಿಫಾಡ, ಯೇವಲೆ, ವೈಜಾಪುರಗಳ ಮೇಲೆ ಹಾದು ಹೋಗುವ, ಇನ್ನೂರು ಕಿಲೋಮೀಟರಿಗೆ ತುಸು ಕಡಿಮೆಯ ದಾರಿ. ಕೆಲಸ ಒಂದೂರಿನಲ್ಲಿ, ಮನೆ ಇನ್ನೊಂದೂರಿನಲ್ಲಿ ಏಕೆಂದು ಕೇಳುವಿರಿ. ನನ್ನ ಹೆಂಡತಿಯ ತವರು ಅಲ್ಲಿ. 1956 ರ ನವೆಂಬರ್ 1 ರವರೆಗೆ ನಮ್ಮ ಕಲಬುರಗಿಯೂ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು; ಆ ಕಾಲದಲ್ಲಿ ನೌಕರಿಗೆಂದು ಹೋಗಿ ಅಲ್ಲಿಯೇ ನಿಂತ ಕನ್ನಡ ಮನೆತನಗಳಲ್ಲಿ ಅವಳ ಅಜ್ಜನದೂ ಒಂದು. ಊರಿನ ಹೊರಗೆ, ಪಡೇಗಾಂವದ ಕಡೆ, ಅವರು ಕೊಂಡಿಟ್ಟಿದ್ದ ಜಾಗದಲ್ಲಿ 600 ಚದರಡಿಯನ್ನು ಮಾವನವರು ನಮಗೆ ಬಿಟ್ಟುಕೊಟ್ಟರು. ಕಂತ್ರಾಟು ಕೊಡುವಷ್ಟು ಹಣ ನಮ್ಮಲ್ಲಿರಲಿಲ್ಲ. ಗವಂಡಿಯನ್ನು ದಿನಗೂಲಿಗೆ ಹಿಡಿದು, ಸಾಮಾನನ್ನು ನಾವೇ ತಂದು, ಕೈಕೆಳಗಿನ ಕೆಲಸಕ್ಕೂ ನಾವೇ ನಿಂತು ಕಟ್ಟುವುದೆಂದು ಗೊತ್ತುಮಾಡಿದೆವು. ಶನಿವಾರ, ಭಾನುವಾರ ನಾನು ಹೋಗುವುದು. ಉಳಿದ ದಿನಗಳಲ್ಲಿ ಊರಿನಿಂದ ಬಂದ ಅಪ್ಪ ನೋಡಿಕೊಳ್ಳುವುದು.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ನಮ್ಮದು ಕಲಬುರಗಿ ಜಿಲ್ಲೆಯ ಮಳಖೇಡದ ಹತ್ತಿರದ ಹಳ್ಳಿ. ಕಾಗಿಣಾ ನದಿಯ ಆ ಸೀಮೆಯಲ್ಲಿ ನೆಲದಡಿಯೆಲ್ಲ ಸುಣ್ಣದ ಕಲ್ಲು. ಹಾಗಾಗಿ ಮಳಖೇಡ, ಸೇಡಂ, ವಾಡಿ ಎಂದು ಎತ್ತ ತಿರುಗಿದರೂ ಸಿಮೆಂಟಿನ ಕಾರಖಾನೆ. ಆ ಸೀಮೆಯ ರೈಲ್ವೆ ಸೈಡಿಂಗುಗಳಲ್ಲಿ ಅಪ್ಪ ಮೂವತ್ತು ವರ್ಷ ಹಮಾಲಿ ಮಾಡಿದವನು. ಒಂದು ವ್ಯಾಗನ್ನಿಗೆ ಸಾವಿರಕ್ಕೂ ಮೀರಿ ಚೀಲ ಹಿಡಿಯುತ್ತವೆ. ಎಷ್ಟು ವ್ಯಾಗನ್ ತುಂಬಿದನೋ ಅವನೂ ಲೆಕ್ಕವಿಟ್ಟಿಲ್ಲ. ಆ ದುಡಿತದ ಮೇಲೆ ನಾನು ಬಿ.ಎ. ಆದೆ, ಕಾರಕೂನನೂ ಆದೆ. ಊರಿನ ನಮ್ಮ ಮನೆ ಮಾತ್ರ ಮಣ್ಣಿನ ಗೋಡೆಯದು, ಮೇಲೆ ಶಹಾಬಾದಿ ಕಲ್ಲಿನ ಹಾಸು. ಅದಕ್ಕೆ ಒಂದು ಚೀಲ ಸಿಮೆಂಟೂ ಬಿದ್ದಿಲ್ಲ.

2024 ರ ಮೇ ತಿಂಗಳು. ಪಾಯ ಮುಗಿದು ಗೋಡೆ ಏಳಬೇಕಾದ ಹೊತ್ತು. ಆಗ ನಾಶಿಕದಲ್ಲಿ ಪರಿಚಯದವರೊಬ್ಬರು ಒಂದು ಸುದ್ದಿ ತಂದರು. ಕಾಂಕ್ರೀಟು ಕಲಸಿ ಮಾರುವ ಒಂದು ಸಣ್ಣ ಘಟಕ ಜಾಗ ಬದಲಿಸುತ್ತಿದೆ. ಅವರ ಸೈಲೊದ ತಳದಲ್ಲಿ ಮೂರು ಟನ್ನಿನಷ್ಟು ಸಿಮೆಂಟು ಉಳಿದಿದೆ. ಬಂದು ಇನ್ನೂ ತಿಂಗಳಾಗಿಲ್ಲ. ಕಿಲೋಗೆ ನಾಲ್ಕು ರೂಪಾಯಿಯಂತೆ ರಸೀದಿ ಸಹಿತ ಕೊಡುತ್ತಾರೆ. ಆದರೆ ಅದು ಚೀಲದ ಸಿಮೆಂಟಲ್ಲ, ಬಿಡಿ ಸಿಮೆಂಟು.

ಬಿಡಿ ಸಿಮೆಂಟನ್ನು ನೋಡದವರಿಗಾಗಿ ಎರಡು ಮಾತು. ಹೆದ್ದಾರಿಯಲ್ಲಿ ಹೊಟ್ಟೆ ಜೋತುಬಿದ್ದ ಹಂಡೆಯಂಥ ಲಾರಿಗಳು ಹೋಗುವುದನ್ನು ನೀವು ಕಂಡಿರಬಹುದು. ಅವಕ್ಕೆ ಬಲ್ಕರ್ ಎನ್ನುತ್ತಾರೆ. ಅವು ಒಂದೊಂದೂ ಇಪ್ಪತ್ತೈದು, ಮೂವತ್ತು ಟನ್ ಸಿಮೆಂಟನ್ನು ಚೀಲವಿಲ್ಲದೆ ಹೊಟ್ಟೆಗೆ ತುಂಬಿಕೊಂಡು ಬರುತ್ತವೆ. ಘಟಕಕ್ಕೆ ಬಂದ ಮೇಲೆ ಯಾರೂ ಸಲಿಕೆ ಹಿಡಿಯುವುದಿಲ್ಲ. ಒತ್ತಿದ ಗಾಳಿಯನ್ನು ಒಳಗೆ ಊದುತ್ತಾರೆ. ಗಾಳಿ ಕುಡಿದ ಸಿಮೆಂಟು ನೀರಿನಂತೆ ಹರಿಯತೊಡಗಿ ಕೊಳವೆಯೊಳಗೆ ಹತ್ತಿ ಎತ್ತರದ ಸೈಲೊಕ್ಕೆ ಹೋಗಿ ಬೀಳುತ್ತದೆ. ಅಲ್ಲಿಂದ ಕೆಳಗಿಳಿದು, ತೂಗಿಸಿಕೊಂಡು, ಕಲಸುವ ಯಂತ್ರಕ್ಕೆ. ಮೊದಲಿನಿಂದ ಕಡೆಯವರೆಗೆ ಅದಕ್ಕೆ ಮನುಷ್ಯರ ಕೈ ತಾಗುವುದಿಲ್ಲ.

ನಾನು ಕಾರಕೂನನ ಪದ್ಧತಿಯಂತೆ ಕಾಗದ ತೆಗೆದು ಲೆಕ್ಕ ಹಾಕಿದೆ. ಮೂರು ಟನ್ ಎಂದರೆ 60 ಚೀಲ. ಆಗ ಅಂಗಡಿಯವರು ನನಗೆ ಹೇಳಿದ ದರ ಚೀಲಕ್ಕೆ 360, ಒಟ್ಟು 21,600. ಆ ಕಾಲಕ್ಕೆ ಸಿಮೆಂಟಿನ ಮೇಲೆ ನೂರಕ್ಕೆ 28 ರಂತೆ ತೆರಿಗೆ ಇತ್ತು. ಅದು 18 ಕ್ಕೆ ಇಳಿದದ್ದು 2025 ರ ಸೆಪ್ಟೆಂಬರ್ 22 ರಂದು, ನಮ್ಮ ಮನೆ ಮುಗಿದ ಮೇಲೆ. ಬಿಡಿ ಸಿಮೆಂಟಿಗೆ 12,000. ಸಂಭಾಜಿನಗರಕ್ಕೆ ಖಾಲಿ ಮರಳುತ್ತಿದ್ದ ಐಷರ್ ಟೆಂಪೋ ಒಂದು ಸಿಕ್ಕಿತು; ಬಾಡಿಗೆ 4,500. ಅದೇ ಘಟಕದಲ್ಲಿ ನೀಲಿ ಪ್ಲಾಸ್ಟಿಕ್ಕಿನ 200 ಲೀಟರಿನ ಪೀಪಾಯಿಗಳು ಖಾಲಿ ಬಿದ್ದಿದ್ದವು; ಮುಂದೆ ನೀರು ತುಂಬಲು ಬೇಕೇ ಬೇಕಲ್ಲ ಎಂದು ಅವುಗಳ ಬೆಲೆಯನ್ನು ಲೆಕ್ಕದಿಂದ ಬಿಟ್ಟೆ. ಉಳಿತಾಯ 5,100 ರೂಪಾಯಿ! ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ.

ಮಾವನವರು ಫೋನಿನಲ್ಲಿ ಇನ್ನೂ ಹುರುಪು ತುಂಬಿದರು. ಅವರು ಪರ್ಮಿಟ್ಟಿನ ಕಾಲ ಕಂಡವರು. 1982 ರ ಫೆಬ್ರವರಿ 28 ರಂದು ಅರ್ಧಂಬರ್ಧವಾಗಿ, 1989 ರ ಮಾರ್ಚ್ 1 ರಂದು ಪೂರ್ತಿಯಾಗಿ ಸರಕಾರ ಸಿಮೆಂಟಿನ ಮೇಲಿನ ನಿಯಂತ್ರಣ ತೆಗೆಯುವವರೆಗೆ, ಹತ್ತು ಚೀಲಕ್ಕೂ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಬೇಕಾಗಿತ್ತು. “ಸಿಮೆಂಟು ಸಿಕ್ಕಾಗ ಬಿಡಬಾರದು ಅಳಿಯಂದಿರೇ” ಎಂದರು.

ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದ: “ತಮ್ಮಾ, ಪೀಪಾಯಿ ಇಳಸೋರು ಯಾರು?”

“ನಾವೇ ನಾಲ್ಕು ಮಂದಿ ಇದ್ದೀವಲ್ಲ” ಎಂದೆ.

“ಚೀಲ ಅಂದ್ರ ಹೆಗಲಿನ ಅಳತಿಗಿ ಮಾಡಿದ್ದು. ಪೀಪಾಯಿ ಯಾರ ಅಳತಿಗಿ ಮಾಡ್ಯಾರ?” ಎಂದ. ನಾನು ನಕ್ಕುಬಿಟ್ಟೆ. ಹಮಾಲನಿಗೆ ಜಗತ್ತೆಲ್ಲ ಚೀಲವಾಗಿಯೇ ಕಾಣುತ್ತದೆ ಎಂದುಕೊಂಡೆ.

ಜೂನ್ ತಿಂಗಳ ಮೊದಲ ಶನಿವಾರ, ರೋಹಿಣಿ ಮಳೆಯ ಹೊತ್ತು, ಮೂರು ದಿನ ಮೊದಲೇ ತೊಳೆದು ಒಣಗಿಸಿದ್ದ 14 ಪೀಪಾಯಿಗಳಿಗೆ ಸಿಮೆಂಟು ತುಂಬಿಸಿದೆವು. ಸೈಲೊದ ಬಾಯಿಗೆ ಬಟ್ಟೆಯ ತೋಳು ಕಟ್ಟಿದ್ದರು. ಬೂದುಬಣ್ಣದ ಹಾಲಿನಂತೆ ಅದು ಇಳಿದು ಬರುವುದನ್ನು ನೋಡುವುದೇ ಒಂದು ಸೊಗಸು. ಕುತ್ತಿಗೆಯವರೆಗೆ ತುಂಬಿ ಮುಚ್ಚಳ ಹಾಕಿದೆವು. ಎರಡಕ್ಕೆ ಮುಚ್ಚಳವಿರಲಿಲ್ಲ, ಪ್ಲಾಸ್ಟಿಕ್ ಹಾಳೆ ಕಟ್ಟಿದೆವು. ಒಂದೊಂದೂ 215 ಕಿಲೋ ಆಸುಪಾಸು. ಘಟಕದ ಯಂತ್ರ ಅವುಗಳನ್ನು ಹೂವಿನಂತೆ ಎತ್ತಿ ಟೆಂಪೋದಲ್ಲಿಟ್ಟಿತು. ಹತ್ತಿರದ ಕಾಟಾದ ಮೇಲೆ ಗಾಡಿ ತೂಗಿಸಿ ಚೀಟಿ ಪಡೆದು ಕಿಸೆಯಲ್ಲಿಟ್ಟುಕೊಂಡೆ. ಯಂತ್ರ ಎತ್ತಿದ್ದನ್ನು ಕಂಡಾಗಲೂ ಅಪ್ಪನ ಪ್ರಶ್ನೆ ನೆನಪಾಗಲಿಲ್ಲ.

ನಿಫಾಡದ ದ್ರಾಕ್ಷಿ ತೋಟಗಳನ್ನು ದಾಟಿ ಯೇವಲೆ ಮುಟ್ಟುವ ಹೊತ್ತಿಗೆ ಆಕಾಶ ಕಪ್ಪಾಯಿತು. ನಾಲ್ಕು ಹನಿ ಬಿದ್ದವೋ ಇಲ್ಲವೋ, ಡ್ರೈವರ್ ಗಾಡಿ ಬದಿಗೆ ಹಾಕಿ ಮೇಲೆ ಹತ್ತಿದ. ತಾಡಪತ್ರಿ ಎಲ್ಲಕ್ಕೂ ಸಾಲದು. ತಾನು ರಾತ್ರಿ ಹಾಸಿ ಮಲಗುವ ಪ್ಲಾಸ್ಟಿಕ್ ಚಾಪೆಯನ್ನೂ ಹೊದೆಯುವ ಕಂಬಳಿಯನ್ನೂ ತಂದು ಮುಚ್ಚಳವಿಲ್ಲದ ಎರಡು ಪೀಪಾಯಿಗಳಿಗೆ ಸುತ್ತಿ ಹಗ್ಗ ಬಿಗಿದ. ನಾನು ಕ್ಯಾಬಿನ್ನಿನಲ್ಲಿ ಕುಳಿತು ಕಾಟಾ ಚೀಟಿ ನೆನೆಯದಂತೆ ನೋಡಿಕೊಂಡೆ.

ಪಡೇಗಾಂವ ಮುಟ್ಟಿದಾಗ ರಾತ್ರಿ ಎಂಟು ದಾಟಿತ್ತು. ನಮ್ಮ ಓಣಿಯ ಕಡೆಯ ಅರವತ್ತು ಹೆಜ್ಜೆಗೆ ಟೆಂಪೋ ಹೋಗುವುದಿಲ್ಲ. ಬೆಳಿಗ್ಗೆ ಇಳಿಸೋಣವೆಂದು ಓಣಿಯ ಬಾಯಲ್ಲಿ ನಿಲ್ಲಿಸಿದೆವು. ಡ್ರೈವರ್ ಗಾಡಿಯಲ್ಲೇ ಮಲಗಿದ. ಬೆಳಿಗ್ಗೆ ಹೋಗಿ ಮುಚ್ಚಳ ತೆಗೆಯುತ್ತೇನೆ, ಪ್ರತಿಯೊಂದು ಪೀಪಾಯಿಯೂ ಮುಕ್ಕಾಲು ಗೇಣು ಖಾಲಿ!

ಕುತ್ತಿಗೆಯವರೆಗೆ ತುಂಬಿದ್ದನ್ನು ಕಣ್ಣಾರೆ ಕಂಡಿದ್ದೆ. ರಾತ್ರಿಯೆಲ್ಲ ಗಾಡಿಯಲ್ಲಿದ್ದವನು ಒಬ್ಬನೇ. ಬಾಯಿ ಬಿಟ್ಟು ಕಳ್ಳನೆನ್ನಲಿಲ್ಲ. ಆದರೆ ‘ಇಲ್ಲೂ ಒಮ್ಮೆ ತೂಗಿಸಿಬಿಡೋಣ, ಲೆಕ್ಕಕ್ಕೆ ಬೇಕು’ ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ಗಾಡಿ ಚಾಲು ಮಾಡಿದ. ಹೆದ್ದಾರಿಯ ಕಾಟಾದ ಮೇಲೆ ತೂಗಿದರೆ ನಾಶಿಕದ ಚೀಟಿಗಿಂತ ಸ್ವಲ್ಪವೇ ಕಡಿಮೆ. ಅದು ದಾರಿಯಲ್ಲಿ ಸುಟ್ಟ ಡೀಸೆಲ್ಲಿನ ತೂಕ. ಡ್ರೈವರ್ ಮರಾಠಿಯಲ್ಲಿ ಮೆಲ್ಲಗೆ ಹೇಳಿದ: “ಸಾಹೇಬರೇ, ಸಿಮೆಂಟು ಗಾಳಿ ಕುಡಿದರೆ ಉಬ್ಬುತ್ತದೆ, ದಾರಿಯ ಕುಲುಕಾಟದಲ್ಲಿ ಕುಳಿತುಕೊಳ್ಳುತ್ತದೆ. ಬಲ್ಕರಿನವರಿಗೆ ಕೇಳಿ.” ರಾತ್ರಿ ಅವನು ಬರಿಯ ಹಲಗೆಯ ಮೇಲೆ ಮಲಗಿದ್ದ. ಚಾಪೆಯೂ ಕಂಬಳಿಯೂ ಇನ್ನೂ ನನ್ನ ಪೀಪಾಯಿಗಳ ಮೇಲೇ ಇದ್ದವು. ಕ್ಷಮೆ ಕೇಳಬೇಕಾಗಿತ್ತು; ‘ಚಹಾ ಕುಡಿಯೋಣ’ ಎಂದೆ. ಕಚೇರಿಯಲ್ಲಿ ಹತ್ತು ವರ್ಷ ಕುಳಿತವನಿಗೆ ಕಾಗದದ ಮೇಲಿನ ನಂಬಿಕೆ ಮನುಷ್ಯನ ಮೇಲಿನ ನಂಬಿಕೆಗಿಂತ ಬೇಗ ಬರುತ್ತದೆ.

ಆ ಬಳಿಕ ಇಳಿಸುವ ಮಾತು. 215 ಕಿಲೋದ ಪೀಪಾಯಿ ನಾಲ್ಕಡಿ ಎತ್ತರದಲ್ಲಿದೆ. ಕೆಳಗೆ ನಾನು, ಅಪ್ಪ, ನನ್ನ ಹೆಂಡತಿಯ ತಮ್ಮ, ಗವಂಡಿ, ಮೇಲೆ ಡ್ರೈವರ್. ಎರಡು ಹಲಗೆ ಇಳಿಜಾರಾಗಿ ಇಟ್ಟು, ಕೆಳಗೆ ಹಳೆಯ ಟಯರು ಹಾಕಿ, ಹಗ್ಗ ಕಟ್ಟಿ ಮೊದಲನೆಯದನ್ನು ಜಾರಿಸಿದೆವು. ಅರ್ಧ ದಾರಿಯಲ್ಲಿ ಹಲಗೆ ಹೊರಳಿತು. ಪೀಪಾಯಿ ಪಕ್ಕಕ್ಕೆ ಬಿದ್ದು ಸೀಳಿತು. ಓಣಿಯ ಬಾಯಿತುಂಬ ಬೂದು ಮೋಡ. ಮೋಡ ಇಳಿದ ಮೇಲೆ ನೋಡಿದರೆ ದೇವರ ದಯೆಯಿಂದ ಯಾರ ಕಾಲ ಮೇಲೂ ಬಿದ್ದಿರಲಿಲ್ಲ. ಎಲ್ಲರೂ ಅಪ್ಪನ ಕಡೆ ನೋಡಿದೆವು.

ಅಪ್ಪ ‘ನಾನು ಹೇಳಿರಲಿಲ್ಲವೇ’ ಎನ್ನಲಿಲ್ಲ. ಗವಂಡಿಯನ್ನು ಕರೆದು, ಅವನು ಕೆಲಸ ಮಾಡಿದ ಮನೆಗಳಿಂದ ಖಾಲಿ ಸಿಮೆಂಟು ಚೀಲಗಳನ್ನು ತರಿಸಿದ, ಎಪ್ಪತ್ತು ಸಿಕ್ಕವು. ಪೀಪಾಯಿಗಳು ಟೆಂಪೋದ ಮೇಲೆಯೇ ಇರಲಿ, ಬುಟ್ಟಿಯಿಂದ ತೋಡಿ ಚೀಲಕ್ಕೆ ತುಂಬಿ, ಸುತಳಿ ಕಟ್ಟಿ, ಹೊತ್ತು ಒಯ್ಯೋಣ ಎಂದ. “ಪೂರ್ತಿ ತುಂಬಬ್ಯಾಡ್ರಿ. ಅರವತ್ತು ದಾಟಿದ ಹೆಗಲಿಗಿ ನಲವತ್ತು ಕಿಲೋ ಸಾಕು” ಎಂದು ನಕ್ಕ. ಹೀಗೆ, ಚೀಲದಿಂದ ತಪ್ಪಿಸಿಕೊಂಡು ಇನ್ನೂರು ಕಿಲೋಮೀಟರು ಓಡಿಬಂದ ನನ್ನ ಸಿಮೆಂಟು ಮತ್ತೆ ಚೀಲವೇ ಆಯಿತು.

ಆ ದಿನ ಚೀಲವೆಂಬ ವಸ್ತುವಿನ ಬೆಲೆ ನನಗೆ ತಿಳಿಯಿತು. ಬ್ರಿಟಿಷರ ಕಾಲದಲ್ಲಿ ಅದು 112 ಪೌಂಡಿನ ಸೆಣಬಿನ ಚೀಲ, ಎಂದರೆ 50 ಕಿಲೋಗೆ ತುಸು ಮೇಲೆ. ಅದೇ ಈಗಿನ 50 ಕಿಲೋ. ಅಮೆರಿಕದಲ್ಲಿ 94 ಪೌಂಡು, ಸುಮಾರು 43 ಕಿಲೋ. ಇಂಗ್ಲೆಂಡಿನಲ್ಲಿ ಈಗ 25 ಕಿಲೋಗೆ ಇಳಿಸಿದ್ದಾರೆ. ಅಲ್ಲಿ ಮನುಷ್ಯನ ಬೆನ್ನಿಗೆ ಬೆಲೆ ಬಂದಿದೆ. ಒಬ್ಬ ಗಂಡಾಳು 55 ಕಿಲೋಗಿಂತ ಹೆಚ್ಚು ಹೊರಬಾರದೆಂದು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967 ರಲ್ಲಿ ಶಿಫಾರಸು ಮಾಡಿತು. ಮಹಾರಾಷ್ಟ್ರದಲ್ಲಿ ಮಾಥಾಡಿಗಳಿಗೂ ಹಮಾಲರಿಗೂ ಪ್ರತ್ಯೇಕ ಕಾಯಿದೆ ಬಂದದ್ದು 1969 ರಲ್ಲಿ. ಅಪ್ಪ ಇವೊಂದನ್ನೂ ಓದಿದವನಲ್ಲ. ಅವನ ಹೆಗಲು ಓದಿತ್ತು.

ಗವಂಡಿಗೂ ಚೀಲವೇ ಬೇಕು. ಒಂದು ಚೀಲ ಸಿಮೆಂಟೆಂದರೆ ಅಳತೆಯಲ್ಲಿ ಸುಮಾರು 35 ಲೀಟರು. ಅವನ ಉಸುಕು ಖಡಿ ಅಳೆಯುವ ಫರ್ಮಾ ಅದೇ ಲೆಕ್ಕದ್ದು. ‘ಒಂದು ಚೀಲಕ್ಕೆ ಇಷ್ಟು’ ಎಂಬುದೇ ಅವನ ಗಣಿತ. ಸಡಿಲವಾಗಿ ತೋಡಿದ ಸಿಮೆಂಟು ಬುಟ್ಟಿಯಲ್ಲಿ ಹೆಚ್ಚು ಕಾಣುತ್ತದೆ, ತೂಕದಲ್ಲಿ ಕಡಿಮೆ. ಹಾಗೆಯೇ ಅಳೆದು ಕಲಸಿದ್ದರೆ ಗೋಡೆಯ ಬಲವೇ ಕುಂದುತ್ತಿತ್ತು. ಕಿರಾಣಿ ಅಂಗಡಿಯಿಂದ ತಕ್ಕಡಿ ತಂದು ಒಂದೊಂದು ಚೀಲವನ್ನೂ ತೂಗಿ ಕಟ್ಟಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಹದಿಮೂರು ಪೀಪಾಯಿ ಮುಗಿದವು. ಬಾಡಿಗೆ ಬಿಟ್ಟರೆ ಬೇರೆ ಸಂಬಂಧವಿಲ್ಲದ ಡ್ರೈವರ್ ತಾನೂ ಹೊತ್ತ. ಒಡೆದ ಪೀಪಾಯಿಯ ಸಿಮೆಂಟನ್ನು ನಾನು, ನನ್ನ ಹೆಂಡತಿ ಗುಡಿಸಿ ಅರ್ಧದಷ್ಟು ಬಳಿದಿದ್ದೆವು. ಮೂರು ಗಂಟೆಗೆ ಗುಡುಗು, ನೋಡುನೋಡುತ್ತಿದ್ದಂತೆ ಮಳೆ. ನೆಲದ ಮೇಲೆ ಉಳಿದದ್ದು ರಾಡಿಯಾಯಿತು.

“ಹೋಗ್ಲಿ ಬಿಡಪ್ಪಾ” ಎಂದೆ.

“ಹ್ಯಾಂಗ ಬಿಡೂದು? ಕಲ್ಲಾಗೂದರಾಗ ಏನರ ಮಾಡಾಮು” ಎಂದ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಟ್ಟೆಗೆ ಕಲ್ಲು ಜೋಡಿಸಿಟ್ಟಿದ್ದೆವು. ಮಳೆ ಹಿಂದಾಗುತ್ತಲೇ ಅಪ್ಪ ಆ ರಾಡಿಯನ್ನು ಬುಟ್ಟಿಗೆ ಬಳಿದು ತಂದು, ಉಸುಕು ಕಲಸಿ, ಕಟ್ಟೆಯ ಮೇಲೆ ಹರಡಿ, ಮೊಣಕಾಲೂರಿ ಕುಳಿತು ಥಾಪಿಯಿಂದ ನುಣುಪು ಮಾಡಿದ. ಒಂದು ಗಂಟೆಗೂ ಹೆಚ್ಚು ಕುಳಿತಿದ್ದ. ಧೋತರ ಮೊಣಕಾಲಿಗೆ ಅಂಟಿ ಸಿಮೆಂಟಿನ ನೀರು ಕುಡಿಯುತ್ತಿತ್ತು. ನಾನು ನೋಡುತ್ತಲೇ ಇದ್ದೆ. ಏನೂ ಹೊಳೆಯಲಿಲ್ಲ. ಅಪ್ಪ ಖುಷಿಯಿಂದಿದ್ದಾನೆ ಎಂದಷ್ಟೇ ಕಂಡಿತು. ನಿಜಕ್ಕೂ ಖುಷಿಯಿಂದಿದ್ದ.

ರಾತ್ರಿ ಊಟದ ಹೊತ್ತಿಗೆ ಮೊಣಕಾಲು ಉರಿಯುತ್ತಿದೆ ಎಂದ. ಎಣ್ಣೆ ಹಚ್ಚಿದೆವು. ನಡುರಾತ್ರಿ ನರಳಿದ. ಬೆಳಗಾಗಿ ನೋಡಿದರೆ ಎರಡು ಮೊಣಕಾಲೂ ಬೂದುಗಪ್ಪಾಗಿ, ಬೊಬ್ಬೆಯೊಡೆದು, ಬಲಗಡೆಯದರಲ್ಲಿ ಚರ್ಮವೇ ಸತ್ತಂತಿತ್ತು. ಡಾಕ್ಟರು ನೋಡಿದ ಕೂಡಲೇ ‘ಹಸಿ ಸಿಮೆಂಟೇ?’ ಎಂದು ಕೇಳಿದರು. ನೀರು ಬಿದ್ದ ಸಿಮೆಂಟು ಸುಣ್ಣದಂತೆ ತೀಕ್ಷ್ಣ ಕ್ಷಾರ, ಬೆಂಕಿಯಂತೆ ಕೂಡಲೇ ನೋವು ಕೊಟ್ಟು ಎಚ್ಚರಿಸುವುದಿಲ್ಲ, ಗಂಟೆಗಟ್ಟಲೆ ಮೌನವಾಗಿ ಸುಡುತ್ತದೆ, ತಿಳಿಯುವಷ್ಟರಲ್ಲಿ ಆಳಕ್ಕಿಳಿದಿರುತ್ತದೆ. ಮೈಗೆ ತಾಗಿದ ಕೂಡಲೇ ಒದ್ದೆಬಟ್ಟೆ ಕಳಚಿ ಧಾರೆಯ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕಾಗಿತ್ತು ಎಂದರು. ಬಲ ಮೊಣಕಾಲಿಗೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಹನ್ನೆರಡು ದಿನ ಆಸ್ಪತ್ರೆ, ಮುಂದೆ ಒಂದೂವರೆ ತಿಂಗಳು ಹಾಸಿಗೆ. ನನ್ನ 5,100 ರೂಪಾಯಿ ಮೊದಲ ದಿನದ ಔಷಧಕ್ಕೂ ಪರೀಕ್ಷೆಗಳಿಗೂ ಮುಗಿದುಹೋಯಿತು.

ಮಂಚದ ಪಕ್ಕದಲ್ಲಿ ಕುಳಿತು ನಾನು ಕೇಳಿದೆ: “ಅಪ್ಪಾ, ಮೂವತ್ತು ವರ್ಷ ಸಿಮೆಂಟಿನಾಗೇ ಇದ್ದಿ. ನಿನಗ ಗೊತ್ತಿದ್ದಿಲ್ಲೇನು?”

ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: “ಒಣಾ ಸಿಮೆಂಟ್ ನನಗ ಗೊತ್ತು ತಮ್ಮಾ. ಬೆವರಿಗಿ ಹತ್ತಿದ್ರ ಕಡೀತದ, ಕೊಬ್ಬರಿ ಎಣ್ಣಿ ಹಚ್ಕೊಂಡ್ರ ಹೋಗ್ತದ. ಹಸೀದು ಗೊತ್ತಿಲ್ಲ. ಒಂದು ಚೀಲಕ್ಕರ ನಾ ನೀರು ಹಾಕಿ ನೋಡೀನೇನು? ವ್ಯಾಗನ್ ಬಾಗಿಲ ಹಾಕಿದ್ರ ಅದು ಯಾರದೋ ಊರಿಗಿ ಹೋಗ್ತಿತ್ತು.”

ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತೆ. ನನ್ನ ಲೆಕ್ಕದ ಕಾಗದದಲ್ಲಿ ದರದ ಕಾಲಮ್ಮಿತ್ತು, ಬಾಡಿಗೆಯದಿತ್ತು, ಉಳಿತಾಯದ ಕೆಳಗೆ ಎರಡು ಗೆರೆಯೂ ಇದ್ದವು. ‘ಎತ್ತುವವರು ಯಾರು’ ಎಂಬ ಕಾಲಮ್ಮು ಮಾತ್ರ ಇರಲಿಲ್ಲ. ಯಂತ್ರದ ಅಳತೆಗೆ ಮಾಡಿದ ಸರಕನ್ನು ಯಂತ್ರವಿಲ್ಲದ ಓಣಿಗೆ ತಂದರೆ ಅಲ್ಲಿ ಯಂತ್ರದ ಬದಲು ನಿಲ್ಲಬೇಕಾದವರು ಯಾರು? ಮನೆಯಲ್ಲಿ ಯಾರು ‘ಹೋಗಲಿ ಬಿಡು’ ಎನ್ನಲಾರರೋ ಅವರೇ.

ಶ್ರಾವಣದಲ್ಲಿ ಅಪ್ಪ ಕೋಲು ಹಿಡಿದು ಓಡಾಡುವಂತಾದ. ಒಂದು ಭಾನುವಾರ ಅವನನ್ನು ವೇರೂಳಕ್ಕೆ, ಎಂದರೆ ಎಲ್ಲೋರಕ್ಕೆ ಕರೆದುಕೊಂಡು ಹೋದೆ. ನಮ್ಮ ಪಡೇಗಾಂವದ ಮುಂದಿನ ರಸ್ತೆಯಲ್ಲೇ ಬಸ್ಸು. ದೌಲತಾಬಾದ ಕೋಟೆ ದಾಟಿ ಗಂಟೆಯೊಳಗೆ ತಲುಪುತ್ತದೆ. ಅಲ್ಲಿಯ ಕೈಲಾಸ ದೇವಾಲಯ ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಅದೇ ವಂಶದ ಅಮೋಘವರ್ಷ ನೃಪತುಂಗ ಒಂಬತ್ತನೆಯ ಶತಮಾನದಲ್ಲಿ ಆಳಿದ ರಾಜಧಾನಿ ಮಾನ್ಯಖೇಟವೇ ನಮ್ಮ ಮಳಖೇಡ. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದೆ. ನಾನು ಅನ್ನ ತಿನ್ನುವುದು ಆ ಗೋದಾವರಿಯ ದಂಡೆಯ ನಾಶಿಕದಲ್ಲಿ. ಬಿ.ಎ.ಯಲ್ಲಿ ಓದಿದ್ದ ಇದನ್ನೆಲ್ಲ ಅಪ್ಪನಿಗೆ ಉತ್ಸಾಹದಿಂದ ಹೇಳಿದೆ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದಿದ್ದಾರೆ, ಇಡೀ ಗುಡಿಯಲ್ಲಿ ಕಲ್ಲಿಗೆ ಕಲ್ಲು ಜೋಡಿಸಲು ಒಂದು ಬುಟ್ಟಿ ಗಾರೆಯೂ ಬೇಕಾಗಲಿಲ್ಲ, ಕಡಿದು ತೆಗೆದ ಕಲ್ಲೇ ಲಕ್ಷಗಟ್ಟಲೆ ಟನ್ನು ಎಂದು ಬಲ್ಲವರ ಅಂದಾಜು ಎಂದೆ.

ಅಪ್ಪ ಅಂಗಳದಲ್ಲಿ ನಿಂತು ಸುತ್ತಲಿನ ಕಲ್ಲಿನ ಗೋಡೆಯನ್ನು ಬುಡದಿಂದ ತುದಿಯವರೆಗೆ ನೋಡಿದ. ದೇವರಿಗೆ ಕೈಮುಗಿದ. ಆಮೇಲೆ ಕೇಳಿದ: “ಕಡಿದ ಕಲ್ಲು ಹೊರಗ ಹೊತ್ತು ಹಾಕಿದವರು ಯಾರು?”

ನಾನು ಓದಿದ ಪುಸ್ತಕಗಳಲ್ಲಿ ಆ ಕಾಲಮ್ಮೂ ಇರಲಿಲ್ಲ.

ದಸರೆಯಾದ ಮೇಲೆ ಛತ್ತಿನ ಕೆಲಸಕ್ಕೆ ಸಿಮೆಂಟು ಬೇಕಾಯಿತು. ಈ ಬಾರಿ ಊರಿನ ಅಂಗಡಿಯಿಂದಲೇ, ಚೀಲದಲ್ಲಿ, ಬೇಕಾದಂತೆ ಇಪ್ಪತ್ತಿಪ್ಪತ್ತು ತರಿಸಿದೆ. ಇಷ್ಟರಲ್ಲಿ ಕಲಿತದ್ದನ್ನು ವಾಚಕರಿಗಾಗಿ ಬರೆದಿಡುತ್ತೇನೆ. ಚೀಲದ ಮೇಲೆ ತುಂಬಿದ ವಾರ, ವರ್ಷ ಅಚ್ಚಾಗಿರುತ್ತದೆ. ಬೆಲೆಗಿಂತ ಮೊದಲು ಅದನ್ನು ನೋಡಬೇಕು. ಮೂರು ತಿಂಗಳು ಇಟ್ಟ ಸಿಮೆಂಟು ಸುಮಾರು ಐದರಲ್ಲೊಂದು ಪಾಲು ಬಲ ಕಳೆದುಕೊಳ್ಳುತ್ತದೆ ಎಂದು ಎಂಜಿನಿಯರರ ಪುಸ್ತಕಗಳು ಹೇಳುತ್ತವೆ. ನೆಲದಿಂದ ಆರೆಂಟು ಅಂಗುಲ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗಿಸದೆ, ಹತ್ತು ಚೀಲಕ್ಕಿಂತ ಎತ್ತರ ಒಟ್ಟದೆ ಇಡಬೇಕು. ಮೊದಲು ಬಂದದ್ದು ಮೊದಲು ಹೋಗಬೇಕು. ನಮ್ಮ ಕಚೇರಿಯ ಫೈಲುಗಳಂತೆ ಮೇಲಿನದನ್ನೇ ತೆಗೆಯುತ್ತ ಹೋದರೆ ಅಡಿಯದು ಕಲ್ಲಾಗುತ್ತದೆ. ಕಲಸುವವರು ಗಂಬೂಟು, ರಬ್ಬರಿನ ಕೈಚೀಲ ಹಾಕಲಿ. ಹಸಿ ಸಿಮೆಂಟಿನಲ್ಲಿ ಯಾರೂ ಮೊಣಕಾಲೂರದಿರಲಿ. ಇಳಿಸುವ ಹಮಾಲರ ಕೂಲಿಯಲ್ಲಿ ಚೌಕಾಸಿ ಮಾಡುವ ಮುನ್ನ ಒಂದು ಚೀಲವನ್ನು ತಾವೇ ಹೊತ್ತು ನೋಡಲಿ.

ಕಡೆಯ ಮಾತನ್ನು ನಾನು ಮಾಡಿ ನೋಡಿಯೇ ಬರೆಯುತ್ತಿದ್ದೇನೆ. ಅಂಗಡಿಯ ಹಮಾಲರಿಬ್ಬರು ಹತ್ತೊಂಬತ್ತು ಚೀಲ ಹೊತ್ತು ಹಾಕಿದ್ದರು. ಇಪ್ಪತ್ತನೆಯದನ್ನು ನಾನು ಹೊರುತ್ತೇನೆ ಎಂದೆ. ಅವರು ನಕ್ಕರು. ಅಪ್ಪ ಒಗೆಯುವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದವನು ಕೋಲೂರಿ ಓಣಿಯ ಬಾಯಿಗೆ ಬಂದ. ನಾನು ಚೀಲದ ಎರಡು ಕಿವಿ ಹಿಡಿದು ಎಳೆಯುವುದನ್ನು ನೋಡಿ, “ಎತ್ತಬ್ಯಾಡ. ಬಗ್ಗಿ ಅದರ ಕೆಳಗ ಹೋಗು. ಅದೇ ಬಂದು ಕೂಡ್ತದ” ಎಂದ.

ಬಗ್ಗಿದೆ. ಹಮಾಲರು ಚೀಲವನ್ನು ಮೆಲ್ಲಗೆ ಬೆನ್ನಿಗೆ ಜಾರಿಸಿದರು. ನಿಜ, ಅದೇ ಬಂದು ಕೂತಿತು. ಹೆಗಲಿಗೂ ಕುತ್ತಿಗೆಗೂ ನಡುವಿನ ಜಾಗಕ್ಕೆ ಹೊಲಿದಿಟ್ಟಂತೆ. ಅರವತ್ತು ಹೆಜ್ಜೆ. ಹತ್ತನೆಯದಕ್ಕೆ ಉಸಿರು ಬಿಗಿಯಿತು, ಮೂವತ್ತಕ್ಕೆ ಮೊಣಕಾಲು ನಡುಗಿದವು, ಐವತ್ತಕ್ಕೆ ಕಣ್ಣು ಕತ್ತಲೆಗಟ್ಟಿತು. ಕೋಣೆಯ ಹಲಗೆಯ ಮೇಲೆ ಕೆಡವಿ, ಗೋಡೆಗೊರಗಿ ನಿಂತೆ. ಹಿಂದೆಯೇ ಕೋಲಿನ ಸದ್ದು. ಅಪ್ಪ ಬಂದು ಚೀಲವನ್ನು ನೋಡಿದ, ನನ್ನನ್ನು ನೋಡಿದ. ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕ.

“ಒಂದು ಆಯ್ತು ತಮ್ಮಾ,” ಎಂದ. “ವ್ಯಾಗನ್ನಿಗಿ ಇನ್ನ ಸಾವಿರ ಬಾಕಿ ಅವ.”